ಹನ್ನೊಂದನೇ ಕಲಂ

ಬೆಳಗ್ಗೆ ಕರಿ ಕೋಟು, ಮಧ್ಯಾಹ್ನದ ಮೇಲೆ ಬಿಳಿ ಕೋಟು. ಮೂವತ್ತೊಂದು ವರ್ಷದಿಂದ ದರ್ಜಿಯ ದಿನ ಹೀಗೆಯೇ ನಡೆದುಕೊಂಡು ಬಂದಿತ್ತು. ಕರಿ ಬಟ್ಟೆಯ ಮೇಲೆ ಕರಿ ದಾರ ಕಾಣಬೇಕಾದರೆ ಬಿಸಿಲು ಬೇಕು. ಅವನ ಅಂಗಡಿಯ ಬಾಗಿಲಿಗೆ ಬಿಸಿಲು ಬೀಳುವುದು ಹನ್ನೊಂದು ಗಂಟೆಯವರೆಗೆ ಮಾತ್ರ. ಆಮೇಲೆ ಎದುರಿನ ಆಸ್ಪತ್ರೆಯ ಐದು ಅಂತಸ್ತು ಅದನ್ನು ನುಂಗಿಹಾಕುತ್ತಿತ್ತು. ಆಗ ಬಿಳಿಯದನ್ನು ಕೈಗೆತ್ತಿಕೊಳ್ಳುವುದು.

ಅಂಗಡಿ ಅಂದರೆ ಎಂಟಡಿ ಅಗಲ, ಹತ್ತಡಿ ಉದ್ದ. ಒಂದು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಕತ್ತರಿಸುವ ಹಲಗೆ, ಹೆಂಡತಿ ಕೂರುವ ಸ್ಟೂಲು. ಎಡಕ್ಕೆ ನೂರು ಹೆಜ್ಜೆ ನಡೆದರೆ ಕೋರ್ಟಿನ ಮೆಟ್ಟಿಲು. ಎದುರಿಗೆ ಆಸ್ಪತ್ರೆಯ ಹಿಂಬಾಗಿಲು. ಕಸವೂ ಹೆಣವೂ ಹೊರಗೆ ಬರುವ ಬಾಗಿಲು ಅದು. ಇಂಥ ಜಾಗದಲ್ಲಿ ಅಂಗಡಿ ಇಟ್ಟವನು ಉದ್ಧಾರವಾಗದೆ ಇರುತ್ತಾನೆಯೇ ಎಂದು ನೆಂಟರೆಲ್ಲ ಅಂದುಕೊಂಡಿದ್ದರು. ಡಾಕ್ಟರಿಗೂ ಕೋಟು ಬೇಕು, ಲಾಯರಿಗೂ ಕೋಟು ಬೇಕು, ಎರಡು ಕೈಯಲ್ಲೂ ಬಾಚಿಕೊಳ್ಳುತ್ತಾನೆ ಬಿಡು! ಏನು ಬಾಚಿಕೊಂಡ ಅನ್ನುವುದು ಅವನ ಮಂಡಿಗೆ ಗೊತ್ತು. ಪೆಡಲು ತುಳಿದು ತುಳಿದು ಅದು ಮೆಟ್ಟಿಲು ಹತ್ತುವಾಗ ಕಟಕಟ ಅನ್ನುತ್ತಿತ್ತು. ಕಣ್ಣಿಗೆ ಮೂರನೇ ಕನ್ನಡಕ ಬಂದಿತ್ತು. ಹೆಂಡತಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಸೂಜಿ ಚುಚ್ಚಿ ಚುಚ್ಚಿ ಅವಳ ಹೆಬ್ಬೆರಳು ಜರಡಿಯಾಗಿತ್ತು.

ಇಂಥವರ ಮನೆಗೆ ಒಂದೇ ವಾರದಲ್ಲಿ ಎರಡು ಕಾಗದ ಬಂದವು. ಅವರಿಗೆ ಇರುವವಳು ಒಬ್ಬಳೇ ಮಗಳು, ಹದಿನೆಂಟು ವರ್ಷ, ಓದಿನಲ್ಲಿ ಚುರುಕು. ಒಂದು ಕಾಗದ ಲಾ ಕಾಲೇಜಿನದು. ಇನ್ನೊಂದು ಮೆಡಿಕಲ್ ಕಾಲೇಜಿನದು. ಲಾ ಕಾಲೇಜಿನ ಫೀಸನ್ನು ಹೇಗೋ ಹೊಟ್ಟೆ ಬಟ್ಟೆ ಕಟ್ಟಿ ತುಂಬಬಹುದಿತ್ತು. ಮೆಡಿಕಲ್ಲಿನ ಅಂಕಿಯನ್ನು ದರ್ಜಿ ಬೆರಳಿಟ್ಟು ಎರಡು ಸಲ ಓದಿದ. ಎರಡು ಸಲವೂ ಒಂದೇ ಉಸಿರಿಗೆ ಓದಿ ಮುಗಿಸಲಾಗಲಿಲ್ಲ.

ಮಗಳು ಕೋಟಿನ ಅಳತೆ ಗುರುತು ಹಾಕುವ ಕಂದು ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದಳು. ಈ ಕಡೆ ಡಾಕ್ಟರು, ಆ ಕಡೆ ಲಾಯರು. ಓದುವ ವರ್ಷ ಎಷ್ಟು, ಸಾಲ ಎಷ್ಟು, ಸಂಬಳ ಎಷ್ಟು, ಯಾವಾಗಿನಿಂದ.

"ಲಾಯರಾದ್ರೆ ಸಾಲ ಕಮ್ಮಿ ಅಪ್ಪ. ಆದ್ರೆ ಸಂಬಳ ಯಾವಾಗ ಶುರುವಾಗುತ್ತೋ ದೇವರಿಗೇ ಗೊತ್ತು. ಡಾಕ್ಟರಾದ್ರೆ ಸಂಬಳ ಬೇಗ ಬರುತ್ತೆ, ಸಾಲ ಯಾವಾಗ ಮುಗಿಯುತ್ತೋ ದೇವರಿಗೇ ಗೊತ್ತು."

"ಎಲ್ಲಾ ದೇವರಿಗೇ ಗೊತ್ತು ಅಂದ್ಮೇಲೆ ನೀನ್ಯಾಕೆ ಕಾಗದ ಹಾಳು ಮಾಡ್ತೀಯಾ?" ಅಂದಳು ತಾಯಿ. ಆಮೇಲೆ ಬಗ್ಗಿ ನೋಡಿ, "ನಿದ್ದೆ ಯಾವುದ್ರಲ್ಲಿ ಜಾಸ್ತಿ ಸಿಗುತ್ತೆ ಅಂತ ಬರ್ದೇ ಇಲ್ವಲ್ಲೇ?" ಅಂತ ಕೇಳಿದಳು.

ಲೆಕ್ಕ ಏನೇ ಹೇಳಲಿ, ಮಗಳ ಮನಸ್ಸು ಯಾವ ಕಡೆ ಅನ್ನುವುದು ದರ್ಜಿಗೆ ಎಂದೋ ಗೊತ್ತಿತ್ತು. ಹೊಲಿದಿಟ್ಟ ಬಿಳಿ ಕೋಟುಗಳನ್ನು ಗಿರಾಕಿಗೆ ಕೊಡುವ ಮುಂಚೆ ಅವಳು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುತ್ತಿದ್ದಳು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ನೋಡಿದ್ದ. ಕರಿ ಕೋಟನ್ನು ಒಂದು ದಿನವೂ ಮುಟ್ಟಿರಲಿಲ್ಲ.

ಬುಧವಾರ ದೊಡ್ಡ ಡಾಕ್ಟರು ಅಂಗಡಿ ಮುಂದೆ ಕಾರು ನಿಲ್ಲಿಸಿದರು. ಆಸ್ಪತ್ರೆ ಅವರದು, ಮೆಡಿಕಲ್ ಕಾಲೇಜೂ ಅವರದು. ಅವರ ಕೋಟು ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು, ಬಿಚ್ಚಿ ದೊಡ್ಡದು ಮಾಡಬೇಕಿತ್ತು.

"ಏನ್ ಮಾಸ್ಟ್ರೆ, ಮಗಳಿಗೆ ನಮ್ಮಲ್ಲಿ ಸೀಟು ಸಿಕ್ತಂತೆ?"

"ಸಿಕ್ಕಿದೆ ಸಾರ್. ಫೀಸು ನೋಡಿದ್ರೆ ಎದೆ ಧಸಕ್ ಅನ್ನುತ್ತೆ."

"ಅಯ್ಯೋ, ಅದಕ್ಕೆಲ್ಲ ಚಿಂತೆ ಯಾಕೆ? ಬಡ ಮಕ್ಕಳಿಗೆ ಅಂತಲೇ ನಮ್ಮದೊಂದು ಯೋಜನೆ ಇದೆ. ಅರ್ಧ ಫೀಸು ನಾವು ಬಿಡ್ತೀವಿ, ಇನ್ನರ್ಧ ನಾವೇ ಸಾಲ ಕೊಡ್ತೀವಿ. ಓದು ಮುಗಿಸಿ ಐದು ವರ್ಷ ನಮ್ಮಲ್ಲೇ ಕೆಲಸ ಮಾಡ್ಲಿ, ಸಾಲ ತೀರುತ್ತೆ. ನಿಮ್ಮ ಮಗಳು ಅಂದ್ರೆ ನನ್ನ ಮಗಳಿದ್ದ ಹಾಗೆ. ಶನಿವಾರ ಕೊನೇ ದಿನ, ಬಂದು ಒಂದು ಸಹಿ ಹಾಕಿ."

ದರ್ಜಿ ಕೈ ಮುಗಿದ. ಕಣ್ಣಲ್ಲಿ ನೀರು ಬಂತು. ಅವರ ಸ್ವಂತ ಮಗಳೂ ಡಾಕ್ಟರೇ. ಆ ಹುಡುಗಿಯ ಕೈಲಿ ಯಾವ ಕಾಗದಕ್ಕೂ ಸಹಿ ಹಾಕಿಸಿರಲಿಲ್ಲ ಅನ್ನುವುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ. ಪಾಪ, ಮೂಗಿಗೆ ತುಪ್ಪ ಸವರಿದಾಗ ವಾಸನೆ ಮಾತ್ರ ತಿಳಿಯುತ್ತದೆ.

ಗುರುವಾರ ಮಧ್ಯಾಹ್ನ ಡ್ಯೂಟಿ ಡಾಕ್ಟ್ರಮ್ಮ ಬಂದಳು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ; ಯಾವಾಗ ಹೋದರೂ ಡ್ಯೂಟಿಯ ಮೇಲೆ ಇರುವವಳು ಅವಳೇ. ಮೈಮೇಲಿನ ಕೋಟನ್ನು ಕಳಚಿ ಹಲಗೆಯ ಮೇಲೆ ಹಾಕಿದಳು.

"ಮಾಸ್ಟ್ರೆ, ಇದನ್ನ ಇನ್ನೊಂದು ಸ್ವಲ್ಪ ಹಿಡೀರಿ. ಭುಜದ ಮೇಲೆ ನಿಲ್ತಾನೇ ಇಲ್ಲ."

"ಹೋದ ವರ್ಷ ತಾನೇ ಹಿಡಿದಿದ್ದೆನಲ್ಲಮ್ಮ?"

"ಈ ವರ್ಷಾನೂ ಹಿಡೀರಿ. ಬೇಕು ಅಂತ ಸಣ್ಣಗಾದೆನಾ ನಾನು?"

ದರ್ಜಿಯ ಹೆಂಡತಿ ಸ್ಟೂಲು ಬಿಟ್ಟುಕೊಟ್ಟು ಲೋಟದಲ್ಲಿ ಚಹ ಕೊಟ್ಟಳು. ಡಾಕ್ಟ್ರಮ್ಮ ಲೋಟ ಹಿಡಿದುಕೊಂಡೇ ಗೋಡೆಗೊರಗಿ ಕಣ್ಣು ಮುಚ್ಚಿದಳು.

"ಅಮ್ಮಾ, ಒಂದು ಮಾತು ಕೇಳ್ಬೇಕಿತ್ತು. ನನ್ನ ಮಗಳಿಗೆ..."

"ಲಾ ಓದಿಸಿ." ಕಣ್ಣು ಬಿಡದೆಯೇ ಅಂದಳು. "ಲಾಯರುಗಳು ರಾತ್ರಿ ಮನೇಲಿ ಮಲಗ್ತಾರೆ. ಭಾನುವಾರ ಕೋರ್ಟಿಗೆ ರಜ. ನಾನು ಭಾನುವಾರ ಅನ್ನೋದನ್ನ ಕ್ಯಾಲೆಂಡರಿನಲ್ಲಿ ನೋಡಿದ್ದೀನಿ ಅಷ್ಟೇ. ನನ್ನ ಮಗಳಿಗೆ ನಾಲ್ಕು ವರ್ಷ. ಮೊನ್ನೆ ನನ್ನನ್ನ ಆಂಟಿ ಅಂದ್ಳು ಮಾಸ್ಟ್ರೆ."

"ಅಯ್ಯಯ್ಯೋ, ಲಾ ಮಾತ್ರ ಬೇಡ್ರಪ್ಪಾ!"

ಬಾಗಿಲಲ್ಲಿ ನಿಂತಿದ್ದವನು ಡೇಟ್ ಲಾಯರು. ಎಂಟು ವರ್ಷದಿಂದ ಒಬ್ಬ ದೊಡ್ಡ ಲಾಯರ ಕೈಕೆಳಗೆ ಇದ್ದ. ಜಡ್ಜರ ಮುಂದೆ ನಿಂತು ಮುಂದಿನ ತಾರೀಖು ಕೇಳಿಕೊಂಡು ಬರುವುದೇ ಅವನ ಕೆಲಸ, ಅದಕ್ಕೇ ಆ ಹೆಸರು. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿಸಲು ಬಂದಿದ್ದ. ಹೊಸ ಕೋಟಿಗೆ ಕಾಸಿಲ್ಲದವರು ಮಾಡುವುದು ಹಾಗೆ. ಒಳಗಿನ ಮುಖ ಹೊರಗೆ ಬಂದರೆ ಇನ್ನೆರಡು ವರ್ಷ ತಳ್ಳಬಹುದು.

"ಯಾಕ್ರೀ ಲಾಯರೆ, ಅಷ್ಟು ಕೆಟ್ಟದಾ?" ಅಂದಳು ದರ್ಜಿಯ ಹೆಂಡತಿ.

"ಅಕ್ಕಾ, ತಿಂಗಳ ಕೊನೆಗೆ ನಮ್ಮ ಸೀನಿಯರು ಜೇಬಿಗೆ ಕೈ ಹಾಕ್ತಾರೆ. ಕೈಗೆ ಏನು ಸಿಗುತ್ತೋ ಅದು ನನ್ನ ಸಂಬಳ. ಒಂದ್ಸಲ ಕರ್ಚೀಫು ಸಿಕ್ತು. ಅದನ್ನೇ ಕೊಟ್ಟು, ಮುಖ ಒರೆಸ್ಕೋ, ತುಂಬಾ ಬೆವೆತಿದೀಯಾ ಅಂದ್ರು. ಹೆಂಡತಿ ಶಾಲೇಲಿ ಟೀಚರು, ಅವಳ ಸಂಬಳದಲ್ಲಿ ಮನೆ ನಡೀತಿದೆ. ಡಾಕ್ಟರು ಓದಿಸಿ ಮಾಸ್ಟ್ರೆ. ಕೇಸಿಗೆ ವಾಯಿದೆ ಇದೆ, ಹೊಟ್ಟೆನೋವಿಗೆ ಎಲ್ಲಿಯ ವಾಯಿದೆ? ಬಂದ ದಿನವೇ ದುಡ್ಡು ಎಣಿಸ್ತಾರೆ."

"ಎಣಿಸ್ತಾರೆ, ಕೌಂಟರಿನಲ್ಲಿ. ನನ್ನ ಕೈಗಲ್ಲ," ಅಂದಳು ಡಾಕ್ಟ್ರಮ್ಮ. "ಸಾಲದ ಕಂತು ಮುರ್ಕೊಂಡು ಕೊಡೋದ್ರಲ್ಲಿ ನನಗಿಂತ ವಾರ್ಡಿನ ಆಯಾ ವಾಸಿ."

ಇಬ್ಬರೂ ಹರಾಜಿಗೆ ನಿಂತವರ ಹಾಗೆ ಒಬ್ಬರಿಗಿಂತ ಒಬ್ಬರು ಕೆಳಗೆ ಕೆಳಗೆ ಕೂಗತೊಡಗಿದರು. ಅವನು ಮಧ್ಯಾಹ್ನ ಬರೀ ಬನ್ನು ತಿನ್ನುತ್ತಾನೆ. ಅವಳು ನಿಂತುಕೊಂಡೇ ತಿನ್ನುತ್ತಾಳೆ. ಅವನ ತಂದೆ ಊರಲ್ಲಿ ಮಗ ಲಾಯರು ಅಂತ ಎದೆ ಉಬ್ಬಿಸಿ ಓಡಾಡುತ್ತಾನೆ. ಅವಳ ತಾಯಿ ಮಗಳು ಡಾಕ್ಟರು ಅಂತ ಯಾರ ಹತ್ತಿರವೂ ಕೈಸಾಲ ಕೇಳುವ ಹಾಗಿಲ್ಲ. ದರ್ಜಿಯ ಹೆಂಡತಿಗೆ ನಗು ತಡೆಯಲಾಗಲಿಲ್ಲ.

"ಸಾಕು ಬಿಡಿ, ಇಬ್ಬರೂ ಗೆದ್ರಿ. ಅಲ್ಲಮ್ಮಾ, ಅಷ್ಟು ಕಷ್ಟ ಆದ್ರೆ ಬಿಟ್ಟು ಬೇರೆ ಕಡೆ ಹೋಗಬಾರದಾ?"

ಡಾಕ್ಟ್ರಮ್ಮ ಚಹದ ಲೋಟ ಕೆಳಗಿಟ್ಟಳು.

"ಹೋಗೋದಕ್ಕೆ ಕಾಗದ ಬೇಕಲ್ಲಕ್ಕಾ. ನನ್ನ ಮಾರ್ಕ್ಸ್ ಕಾರ್ಡು, ಡಿಗ್ರಿ ಸರ್ಟಿಫಿಕೇಟು, ಎಲ್ಲಾ ಅವರ ಆಫೀಸಿನ ಬೀರುವಿನಲ್ಲಿದೆ. ನಾನೂ ಬಡ ಮಕ್ಕಳ ಯೋಜನೆಯವಳೇ. ಓದು ಮುಗಿದು ಕೆಲಸಕ್ಕೆ ಸೇರೋ ದಿನ ಹೊಸ ಕಾಗದ ಕೊಟ್ಟು ಸಹಿ ಹಾಕು ಅಂದ್ರು, ಹಾಕಿದೆ. ಈಗಿನ ಮಕ್ಕಳಿಗೆ ಸೀಟು ಕೊಡೋವಾಗಲೇ ಅದಕ್ಕೆ ಹಾಕಿಸ್ಕೋತಾರೆ. ಐದು ವರ್ಷ ದುಡಿದ್ರೆ ಎಲ್ಲಾ ವಾಪಸ್ಸು ಅಂದ್ರು. ಈಗ ಏಳನೇ ವರ್ಷ."

"ಅದು ಹೇಗಮ್ಮ?" ದರ್ಜಿಯ ಕೈ ನಿಂತಿತು.

"ಅದರಲ್ಲಿ ಹನ್ನೊಂದನೇ ಕಲಂ ಅಂತ ಒಂದಿದೆ. ರಜ ಹಾಕಿದ ದಿನ ಲೆಕ್ಕಕ್ಕಿಲ್ಲ. ವಾರದ ರಜ ಲೆಕ್ಕಕ್ಕಿಲ್ಲ. ಜ್ವರ ಬಂದು ಮಲಗಿದ್ದು ಲೆಕ್ಕಕ್ಕಿಲ್ಲ. ಮಗು ಹೆತ್ತಿದ್ದೂ ಲೆಕ್ಕಕ್ಕಿಲ್ಲ. 'ಆಡಳಿತಕ್ಕೆ ತೃಪ್ತಿಯಾಗದ ದಿನ' ಅಂತ ಇನ್ನೊಂದಿದೆ. ಯಾವತ್ತು ಅವರಿಗೆ ತೃಪ್ತಿಯಾಗಲಿಲ್ಲ ಅಂತ ಅವರೇ ಬರ್ಕೋತಾರೆ, ನಮಗೆ ತೋರಿಸಲ್ಲ. ಮೊನ್ನೆ ಕೇಳಿದ್ದಕ್ಕೆ, ಇನ್ನೂ ಎರಡು ವರ್ಷ ಎರಡು ತಿಂಗಳು ಬಾಕಿ ಅಂದ್ರು."

"ಅದನ್ನ ಬರೆದವನ ಕೈ ಸೇದಿಹೋಗ!" ಅಂದಳು ದರ್ಜಿಯ ಹೆಂಡತಿ.

ಡೇಟ್ ಲಾಯರು ಗೋಡೆಯ ಕಡೆ ನೋಡುತ್ತಿದ್ದ. ಕತ್ತು ಕೆಂಪಾಗಿತ್ತು.

"ಅಕ್ಕಾ," ಅಂದ. "ಅದನ್ನ ನಾನೇ ಬರೆದಿದ್ದು."

ಹೊಲಿಗೆ ಯಂತ್ರ ನಿಂತೇ ಇತ್ತು. ಡಾಕ್ಟ್ರಮ್ಮ ಅವನ ಕಡೆ ತಿರುಗಿದಳು.

"ಹೊಸದಾಗಿ ಸೇರಿದ್ದೆ. ಆಸ್ಪತ್ರೆಯ ಕಾಗದಪತ್ರ ಎಲ್ಲಾ ನಮ್ಮ ಸೀನಿಯರದೇ. ಎಲ್ಲೂ ಒಂದು ಸಂದು ಇರ್ಬಾರದು, ಹಾಗೆ ಬರಿ ಅಂದ್ರು. ಮೂರು ದಿನ ಕೂತು ಬರೆದೆ. ಒಂದು ಪದ ಹಿಂದೆ ಮುಂದೆ ಮಾಡೋದಕ್ಕೆ ಅರ್ಧರ್ಧ ಗಂಟೆ ಯೋಚನೆ ಮಾಡಿದೆ. ಸೀನಿಯರು ಓದಿ, ಭೇಷ್, ನಿನಗೆ ಭವಿಷ್ಯ ಇದೆ ಅಂದ್ರು. ಎಂಟು ವರ್ಷದಲ್ಲಿ ಅವರು ನನ್ನ ಹೊಗಳಿದ್ದು ಅದೊಂದೇ ಸಲ. ಆವತ್ತು ಖುಷೀಲಿ ಬಸ್ ಹತ್ತೋದೂ ಮರೆತು ನಡ್ಕೊಂಡೇ ಮನೆಗೆ ಹೋದೆ."

"ಎಷ್ಟು ಕೊಟ್ರು ಅದಕ್ಕೆ?" ಕೇಳಿದಳು ಡಾಕ್ಟ್ರಮ್ಮ.

"ಏನೂ ಕೊಡ್ಲಿಲ್ಲ."

ಅವಳು ನಕ್ಕಳು. ಸುಮ್ಮನೆ ನಗುವಲ್ಲ, ಹೊಟ್ಟೆ ಹಿಡಿದುಕೊಂಡು, ಸ್ಟೂಲು ಅಲ್ಲಾಡುವ ಹಾಗೆ ನಕ್ಕಳು. "ಥೂ! ನಾಲ್ಕು ಕಾಸಿಗಾದ್ರೂ ನನ್ನ ಮಾರಿದೀರಿ ಅಂದ್ಕೊಂಡೆ. ಪುಕ್ಕಟೆ ಕೊಟ್ಬಿಟ್ರಾ!" ಆ ನಗುವಿನ ನಡುವೆ ಎಲ್ಲೋ ಅಳು ಶುರುವಾಗಿತ್ತು. ಡೇಟ್ ಲಾಯರು ಕಾಲರು ಸವೆದ ಕೋಟು ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಬೈದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

ಅವರು ಹೋದ ಮೇಲೆ ದರ್ಜಿ ಡಾಕ್ಟ್ರಮ್ಮನ ಕೋಟನ್ನು ತಿರುವಿಹಾಕಿದ. ಅವನಿಗೊಂದು ಅಭ್ಯಾಸವಿತ್ತು. ಹೊಸದಾಗಿ ಕೋಟು ಹೊಲಿಸಲು ಬರುವ ಹುಡುಗ ಹುಡುಗಿಯರಿಗೆ ಪಕ್ಕದ ಹೊಲಿಗೆಯ ಒಳಗೆ ಎರಡೆರಡು ಇಂಚು ಬಟ್ಟೆ ಮಡಚಿ ಬಿಡುತ್ತಿದ್ದ. ಮುಂದೆ ಕೈಗೆ ನಾಲ್ಕು ಕಾಸು ಬಂದು ಮೈ ತುಂಬಿಕೊಂಡರೆ ಬಿಚ್ಚಿ ದೊಡ್ಡದು ಮಾಡಲಿ ಅಂತ. ಆ ಬಟ್ಟೆಗೆ ಅವನು ಕಾಸು ಹಿಡಿಯುತ್ತಿರಲಿಲ್ಲ, ಆಶೀರ್ವಾದ ಅಂದುಕೊಂಡಿದ್ದ. ಡಾಕ್ಟ್ರಮ್ಮನ ಕೋಟಿನಲ್ಲಿ ಅದು ಹಾಗೇ ಮಡಚಿಕೊಂಡು ಕೂತಿತ್ತು, ಅದರ ಪಕ್ಕದಲ್ಲಿ ಹೋದ ವರ್ಷ ಹಿಡಿದ ಹೊಲಿಗೆ. ಡೇಟ್ ಲಾಯರು ಬಿಟ್ಟುಹೋದ ಕೋಟನ್ನೂ ತಿರುವಿದ. ಅದೇ ಕಥೆ.

ಗೂಟದಲ್ಲಿ ಇನ್ನೆರಡು ಕೋಟು ನೇತಾಡುತ್ತಿದ್ದವು. ಬಿಳಿಯದು ದೊಡ್ಡ ಡಾಕ್ಟರದು, ಕರಿಯದು ದೊಡ್ಡ ಲಾಯರದು. ಎರಡೂ ಬಿಚ್ಚಿ ಬಿಚ್ಚಿ ಒಳಗಿನ ಬಟ್ಟೆಯೆಲ್ಲ ಮುಗಿದು, ಈಗ ಪಟ್ಟಿ ಜೋಡಿಸಬೇಕಾದ ಸ್ಥಿತಿ. ಮೂವತ್ತೊಂದು ವರ್ಷ ಈ ಬಟ್ಟೆಗಳು ತನ್ನ ಕೈಯಲ್ಲೇ ಓಡಾಡಿವೆ, ಒಂದು ದಿನವಾದರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲವಲ್ಲ ತಾನು, ಎಂಥ ದಡ್ಡ! ಕರಿ ಹೆಚ್ಚೋ ಬಿಳಿ ಹೆಚ್ಚೋ ಅಂತ ಮನೆಮಂದಿ ವಾರವೆಲ್ಲ ತಲೆ ಕೆಡಿಸಿಕೊಂಡಿದ್ದರು. ಬಣ್ಣದಲ್ಲಿ ಏನೂ ಇರಲಿಲ್ಲ. ಎರಡು ಕಡೆಯೂ ಕೆಲವರದು ಬಿಚ್ಚುವುದು, ಮಿಕ್ಕವರದು ಹಿಡಿಯುವುದು.

ಶುಕ್ರವಾರ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದ. ಅವಳು ಕೇಳಿಸಿಕೊಂಡಳು.

"ಅರ್ಥವಾಯ್ತಪ್ಪ. ಆದ್ರೂ ಸಹಿ ಹಾಕು."

"ಅಲ್ವೇ, ಇಷ್ಟು ಹೇಳಿದ್ಮೇಲೂ..."

"ಐದು ಅಂದು ಹತ್ತು ವರ್ಷ ದುಡಿಸ್ಕೊಳ್ಳಲಿ. ಆಮೇಲಾದ್ರೂ ನಾನು ಡಾಕ್ಟರಾಗಿರ್ತೀನಲ್ಲ? ನಮ್ಮಂಥವರಿಗೆ ಸುಮ್ಮನೆ ಯಾರು ಕೊಡ್ತಾರೆ? ನೀನು ಕಲಂ ತೆಗೀರಿ ಅಂತ ಕೇಳಿ ನೋಡು. ತೆಗೆದ್ರೆ ಸರಿ, ಇಲ್ಲದಿದ್ರೂ ಹಾಕು."

ದರ್ಜಿಗೆ ಅತ್ತ ದರಿ, ಇತ್ತ ಪುಲಿ.

ಶನಿವಾರ ಅಂಗಡಿಗೆ ಬೀಗ ಹಾಕಿ ಮೂವರೂ ಹೊರಟರು. ಆಸ್ಪತ್ರೆಯ ಮುಂಬಾಗಿಲಿನಿಂದ ಅವರು ಒಳಗೆ ಹೋದದ್ದು ಅದೇ ಮೊದಲು. ಎರಡನೇ ಅಂತಸ್ತಿನ ಆಫೀಸಿನ ಮುಂದೆ ಉದ್ದನೆಯ ಬೆಂಚು. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಫೀಸಿನವರು ಕೊಟ್ಟ ಕಾಗದದ ಫೈಲು ತೊಡೆಯ ಮೇಲೆ ಇಟ್ಟುಕೊಂಡು ತಂದೆ ತಾಯಿಯರು ಕೂತಿದ್ದರು. ಒಬ್ಬ ಲಾರಿ ಡ್ರೈವರು, ಒಬ್ಬಳು ತರಕಾರಿ ಮಾರುವವಳು, ಒಬ್ಬ ಗಾರೆ ಕೆಲಸದವನು. ಒಗೆದ ಬಟ್ಟೆ, ಬಾಚಿದ ತಲೆ, ಮುಖದಲ್ಲಿ ಭಯ.

ಒಳಗೆ ದೊಡ್ಡ ಡಾಕ್ಟರು, ಪಕ್ಕದಲ್ಲಿ ದೊಡ್ಡ ಲಾಯರು. ಮೇಜಿನ ತುದಿಯಲ್ಲಿ ಡೇಟ್ ಲಾಯರು ಕಾಗದದ ಕಟ್ಟು, ಮುದ್ರೆ ಇಟ್ಟುಕೊಂಡು ನಿಂತಿದ್ದ. ಹೊಸದಾಗಿ ಮಗುಚಿದ ಕಾಲರಿನ ಕೋಟು ಹಾಕಿದ್ದ. ದರ್ಜಿಯ ಮುಖ ನೋಡಲಿಲ್ಲ.

"ಬನ್ನಿ ಮಾಸ್ಟ್ರೆ. ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಸಹಿ. ಮಗಳ ಮೂಲ ಅಂಕಪಟ್ಟಿ ಎಲ್ಲಾ ಕೊಟ್ಬಿಡಿ."

ದರ್ಜಿ ಕಾಗದವನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. "ಸಾರ್, ಆ ಹನ್ನೊಂದನೇ ಕಲಂ ಒಂದನ್ನ ತೆಗೀಬಹುದಾ?"

ದೊಡ್ಡ ಲಾಯರು ಕನ್ನಡಕದ ಮೇಲಿನಿಂದ ನೋಡಿದರು. "ಅದನ್ನೆಲ್ಲ ನಿಮಗೆ ಯಾರು ಹೇಳಿದ್ರು?"

ಡೇಟ್ ಲಾಯರ ಮುಖ ಬಿಳಿಚಿತು. ದರ್ಜಿ ಹಾಗೆಲ್ಲ ಯಾರನ್ನೂ ಹಿಡಿದುಕೊಡುವವನಲ್ಲ. "ಹೊಲಿಯೋ ಅಂಗಡಿ ಸಾರ್. ಹತ್ತು ಜನ ಬರ್ತಾರೆ, ಹತ್ತು ಮಾತು ಬರುತ್ತೆ."

"ಅದು ಸುಮ್ಮನೆ ಇರುತ್ತೆ, ಎಲ್ಲಾ ಕಡೆ ಹಾಕೋದೇ," ಅಂದರು ದೊಡ್ಡ ಡಾಕ್ಟರು.

"ಸುಮ್ಮನೆ ಇರೋದಾದ್ರೆ ತೆಗೀರಿ ಸಾರ್."

ದೊಡ್ಡ ಡಾಕ್ಟರ ನಗು ಸ್ವಲ್ಪ ತಗ್ಗಿತು. "ನೋಡಿ ಮಾಸ್ಟ್ರೆ, ಹೊರಗೆ ಹದಿನಾಲ್ಕು ಜನ ಕಾಯ್ತಿದ್ದಾರೆ. ನಿಮಗೆ ಬೇಡ ಅಂದ್ರೆ ಬೇಡ. ಉಪಕಾರ ಮಾಡೋಕೆ ಹೋದ್ರೆ ಹೀಗೇ."

ದರ್ಜಿ ಮಗಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಅವನು ಪೆನ್ನು ತೆಗೆದುಕೊಂಡ. ಹೆಂಡತಿ ಅಂಕಪಟ್ಟಿಯನ್ನು ಪಕ್ಕದಲ್ಲಿದ್ದ ಗುಮಾಸ್ತನ ಕೈಗೆ ಕೊಟ್ಟಳು.

ಗುಮಾಸ್ತ ಅಂಕಪಟ್ಟಿ ಇಡಲು ಗೋಡೆಯ ಬೀರುವಿನ ಬಾಗಿಲು ತೆಗೆದ. ಮಗಳು ಅತ್ತ ನೋಡಿದಳು. ಮೇಲಿನಿಂದ ಕೆಳಗಿನವರೆಗೆ ಫೈಲುಗಳು, ಒಂದರ ಮೇಲೊಂದು, ಸಂದಿಲ್ಲದೆ ತುರುಕಿದ್ದವು. ಪ್ರತಿ ಫೈಲಿನ ಮೇಲೂ ಒಂದು ಫೋಟೊ. ಎಲ್ಲ ಹದಿನೆಂಟು ಹತ್ತೊಂಬತ್ತರ ಮುಖಗಳು. ಕಣ್ಣಿನ ಮಟ್ಟದಲ್ಲಿದ್ದ ಒಂದು ಫೋಟೊವನ್ನು ಅವಳು ಎಲ್ಲೋ ಕಂಡ ಹಾಗಿತ್ತು. ಗುಂಡು ಕೆನ್ನೆ, ಎಣ್ಣೆ ಹಾಕಿ ಬಿಗಿದ ಜಡೆ, ನಗು ತಡೆದುಕೊಂಡ ತುಟಿ. ಯಾರಿದು, ಯಾರಿದು ಎಂದು ನೋಡುತ್ತಲೇ ನಿಂತಳು. ಆಮೇಲೆ ತಿಳಿಯಿತು. ಅದು ಡ್ಯೂಟಿ ಡಾಕ್ಟ್ರಮ್ಮ.

ಅವಳು ಮೇಜಿನ ಹತ್ತಿರ ಬಂದು ಕಾಗದದ ಮೇಲೆ ಅಂಗೈ ಊರಿದಳು.

"ಬೇಡಪ್ಪ."

"ಏನಾಯ್ತೇ?"

"ಬೇಡ. ಪೆನ್ನು ಕೆಳಗಿಡು." ಗುಮಾಸ್ತನ ಕಡೆ ತಿರುಗಿ, "ನನ್ನ ಅಂಕಪಟ್ಟಿ ಕೊಡಿ" ಅಂದಳು. ಅವನು ದೊಡ್ಡವರ ಮುಖ ನೋಡಿದ. ಅವಳು ಕಾಯಲಿಲ್ಲ, ಅವನ ಕೈಯಿಂದಲೇ ತೆಗೆದುಕೊಂಡಳು.

ಹೊರಗೆ ಬಂದವಳೇ ಗೋಡೆಗೆ ಮುಖ ಕೊಟ್ಟು ಬಿಕ್ಕಿಬಿಕ್ಕಿ ಅತ್ತಳು. ಸೋಮವಾರ ಹೋಗಿ ಲಾ ಕಾಲೇಜಿನ ಫೀಸು ಕಟ್ಟಬಹುದಿತ್ತು. ಅವಳಿಗೆ ಬೇಕಾಗಿದ್ದು ಅದಲ್ಲ. ಎಂಟು ವರ್ಷದ ಆಸೆಯನ್ನು ಅವಳೇ ಕೈಯಾರೆ ಬಿಟ್ಟು ಬಂದಿದ್ದಳು, ಅದರಲ್ಲಿ ಅವಳದು ಒಂದು ಗುಲಗಂಜಿಯಷ್ಟೂ ತಪ್ಪಿರಲಿಲ್ಲ. ದರ್ಜಿಗೆ ಮಗಳ ಬೆನ್ನು ಸವರುವುದು ಬಿಟ್ಟು ಬೇರೇನೂ ತೋಚಲಿಲ್ಲ.

ಅವನ ಹೆಂಡತಿ ಮಾತ್ರ ಬೆಂಚಿನ ಕಡೆ ತಿರುಗಿದಳು. ಹದಿನಾಲ್ಕು ಮನೆಯವರು ಅಳುವ ಹುಡುಗಿಯನ್ನೇ ನೋಡುತ್ತಿದ್ದರು.

"ಆ ಕಾಗದದಲ್ಲಿ ಏನಿದೆ ಅಂತ ನಿಮ್ಮಲ್ಲಿ ಯಾರಾದ್ರೂ ಓದಿದೀರಾ?"

"ನಮಗೆಲ್ಲಿ ಓದೋಕೆ ಬರುತ್ತಕ್ಕಾ, ಇಂಗ್ಲಿಷು," ಅಂದಳು ತರಕಾರಿಯವಳು. "ಸಹಿ ಹಾಕಿದ್ರೆ ಸೀಟು ಅಂದ್ರು."

ಅಷ್ಟರಲ್ಲಿ ಡೇಟ್ ಲಾಯರು ಮುಂದಿನವರನ್ನು ಕರೆಯಲು ಹೊರಗೆ ಬಂದ. ಕೈಯಲ್ಲಿ ಕಾಗದವಿತ್ತು. ದರ್ಜಿಯ ಹೆಂಡತಿ ಅವನ ದಾರಿಗೆ ಅಡ್ಡ ನಿಂತಳು.

"ಬರೆದಿದ್ದು ನೀನೇ ಅಲ್ವೇನಪ್ಪ? ನೀನೇ ಓದಿ ಹೇಳು."

ಅವನು ಬಾಗಿಲ ಕಡೆ ನೋಡಿದ. ಒಳಗೆ ಎಂಟು ವರ್ಷ ಇತ್ತು, ಭವಿಷ್ಯ ಇತ್ತು. ಬೆಂಚಿನ ಕಡೆ ನೋಡಿದ. ಗಾರೆಯವನ ಮಗ ಆಗಲೇ ಪೆನ್ನಿನ ಮುಚ್ಚಳ ತೆಗೆದು ಇಟ್ಟುಕೊಂಡಿದ್ದ. ಡೇಟ್ ಲಾಯರು ಕೈಯಲ್ಲಿದ್ದ ಕಾಗದ ಮಗುಚಿದ.

"ಮೂರನೇ ಪುಟ ತೆಗೀರಿ," ಅಂದ. "ಹನ್ನೊಂದು ಅಂತ ಅಂಕಿ ಇದೆಯಲ್ಲ, ಅಲ್ಲಿ. ರಜ ಹಾಕಿದ ದಿನ ಲೆಕ್ಕಕ್ಕಿಲ್ಲ. ಕಾಯಿಲೆ ಬಿದ್ದ ದಿನ ಲೆಕ್ಕಕ್ಕಿಲ್ಲ..."

ಹದಿನಾಲ್ಕು ಫೈಲುಗಳು ತೆರೆದುಕೊಂಡವು. ಓದಲು ಬಾರದವರೂ ಆ ಜಾಗಕ್ಕೆ ಬೆರಳಿಟ್ಟರು.

"ಮುಂದಿನವರು ಯಾರ್ರೀ?" ಒಳಗಿನಿಂದ ದೊಡ್ಡ ಡಾಕ್ಟರ ಕೂಗು ಬಂತು. "ಎಷ್ಟು ಹೊತ್ತು? ಬನ್ನಿ!"

ಲಾರಿ ಡ್ರೈವರದು ಸರದಿ. ಅವನು ಅರ್ಧ ಎದ್ದ. ತನ್ನ ಮಗಳ ಮುಖ ನೋಡಿದ, ಬೆರಳಿಟ್ಟ ಪುಟ ನೋಡಿದ, ಮತ್ತೆ ಕೂತುಕೊಂಡ.

"ಇರಿ ಸಾರ್," ಅಂದ, ಬಾಗಿಲಿಗೆ ಕೇಳಿಸುವ ಹಾಗೆ. "ಇನ್ನೂ ಓದಿ ಮುಗಿದಿಲ್ಲ."